ಕೊಟ್ಟಿಗೆಯ ಎತ್ತಿಗೆ ಜೋಡಿ ನೋಡಿ ಕೊಳ್ಳಬೇಕು

ನಮ್ಮ ಭಾಗದ ಜಾತ್ರೆಗಳ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದಲ್ಲಾಳಿ ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಹೇಳುವುದು ಇಷ್ಟೆಲ್ಲ ಆದ ಮೇಲೆ. ಆದರೆ ಮನೆ ಬಿಡುವ ಮೊದಲೇ ಆ ರೈತನ ತಲೆಯಲ್ಲಿ ಒಂದು ಲೆಕ್ಕ ಕೂತಿರುತ್ತದೆ. ಕೊಟ್ಟಿಗೆಯಲ್ಲಿ ಉಳಿದಿರುವ ಎತ್ತನ್ನು ನೊಗದ ಎಡಕ್ಕೆ ಕಟ್ಟುತ್ತೇನೋ ಬಲಕ್ಕೆ ಕಟ್ಟುತ್ತೇನೋ, ಅದರ ಎತ್ತರ ಎಷ್ಟು, ನಡಿಗೆ ಬಿರುಸೋ ನಿಧಾನವೋ? ಸಂತೆಯಲ್ಲೇ ಚೆಂದದ ಎತ್ತು ಕಣ್ಣಿಗೆ ಬಿದ್ದರೂ ಈ ಲೆಕ್ಕಕ್ಕೆ ಕೂಡದಿದ್ದರೆ ಅವನು ಮುಂದೆ ನಡೆಯುತ್ತಾನೆ. ಪ್ರೊ ಕಬಡ್ಡಿ ಲೀಗಿನ ಆಟಗಾರರ ಹರಾಜು ನಡೆದಾಗಲೆಲ್ಲ ಕಾಣೆಯಾಗುವುದು ಈ ಒಂದು ಲೆಕ್ಕವೇ. ಕೊಳ್ಳುವ ಫ್ರಾಂಚೈಸಿಗಳಲ್ಲಿ ಹಲವು ಅದನ್ನು ಮರೆಯುತ್ತವೆ. ಆ ರಾತ್ರಿಯೇ ತೀರ್ಪು ಕೊಡುವ ಟಿವಿ ಪಂಡಿತರು ಮತ್ತು ಪತ್ರಿಕೆಗಳು ಅದನ್ನು ಕೇಳುವುದೇ ಇಲ್ಲ. ಯಾರಿಗೆ ಎಷ್ಟು ಕೋಟಿ ಬಂತು ಎಂಬುದು ಮರುದಿನದ ತಲೆಬರಹವಾಗುತ್ತದೆ. ಹೆಚ್ಚು ದುಡ್ಡು ಸುರಿದ ತಂಡ ಹರಾಜು ಗೆದ್ದಿತು ಎಂದು ಬರೆಯುತ್ತಾರೆ. ಈ ಅಳತೆಗೋಲು ತಪ್ಪು. ಅದರ ತಪ್ಪನ್ನು ತೋರಿಸುವ ಸಾಕ್ಷಿ ಕಳೆದ ಏಳೆಂಟು ವರ್ಷಗಳ ಅಂಕಪಟ್ಟಿಯಲ್ಲೇ ಇದೆ.

ಹತ್ತಿರದ ನೋವಿನಿಂದಲೇ ಶುರು ಮಾಡೋಣ. 2024ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ನಡೆದ ಹನ್ನೊಂದನೇ ಆವೃತ್ತಿಯ ಹರಾಜಿನಲ್ಲಿ ಬೆಂಗಳೂರು ಬುಲ್ಸ್ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ತಂದಿತು. ಅಜಿಂಕ್ಯ ಪವಾರ್ ಮೇಲೆ ಒಂದು ಕೋಟಿಗೂ ಹೆಚ್ಚು ಹಾಕಿತು. ಪ್ರದೀಪ್ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದವರು. ಪಟ್ನಾ ಪೈರೇಟ್ಸ್‌ಗೆ ಸಾಲಾಗಿ ಮೂರು ಕಿರೀಟ ತಂದುಕೊಟ್ಟವರು, ಒಂದೇ ಋತುವಿನಲ್ಲಿ 369 ರೈಡ್ ಅಂಕ ಬಾಚಿದವರು. 2015ರಲ್ಲಿ ಅವರು ಲೀಗಿಗೆ ಕಾಲಿಟ್ಟಿದ್ದು ಬುಲ್ಸ್ ಅಂಗಿಯಲ್ಲೇ ಆದ್ದರಿಂದ ‘ಮನೆಗೆ ಮರಳಿದ ಮಗ’ ಎಂಬ ಭಾವವೂ ಸೇರಿಕೊಂಡಿತು. ಮೂರು ವರ್ಷ ಹಿಂದೆ ಯುಪಿ ಯೋಧಾ 1.65 ಕೋಟಿ ಕೊಟ್ಟಿದ್ದ ಆಟಗಾರ 70 ಲಕ್ಷಕ್ಕೆ ಸಿಕ್ಕಿದ್ದು ಅಗ್ಗದ ವ್ಯಾಪಾರ ಎಂದೇ ಎಲ್ಲರೂ ಹೊಗಳಿದರು. ಅದೇ ಹೊತ್ತಿಗೆ ಬುಲ್ಸ್ ಬಿಟ್ಟುಕೊಟ್ಟಿದ್ದ ಭರತ್ ಹೂಡಾ 1.30 ಕೋಟಿಗೆ ಯುಪಿ ಪಾಲಾದರು. ಋತು ಮುಗಿದಾಗ ಯುಪಿ ಸೆಮಿಫೈನಲ್ ಆಡಿತ್ತು. ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ನಿಂತಿತ್ತು. ಮುಂದಿನ ಹರಾಜಿನಲ್ಲಿ ಪ್ರದೀಪ್ ಅವರನ್ನು ಕೊಳ್ಳುವವರೇ ಇರಲಿಲ್ಲ. 2025ರ ಜೂನ್‌ನಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು. ಇದರಲ್ಲಿ ಪ್ರದೀಪ್ ತಪ್ಪು ಎಳ್ಳಷ್ಟೂ ಇಲ್ಲ. ಕೊಂಡವರು ಹಳೆಯ ಹೆಸರಿಗೆ ಬೆಲೆ ಕಟ್ಟಿದರು, ಮುಂದೆ ಅಂಕಣದಲ್ಲಿ ಆಗಬೇಕಾದ ಕೆಲಸಕ್ಕೆ ಕಟ್ಟಲಿಲ್ಲ. ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆಮೇಲೆ. ಏತಕ್ಕೆ ಕೊಂಡಿರಿ ಎಂಬುದು ಮೊದಲ ಪ್ರಶ್ನೆ.

ಹಾಗಂತ ದುಬಾರಿ ಖರೀದಿಯೆಲ್ಲ ದಂಡ ಎಂದು ಹೊರಡುವುದೂ ಅಷ್ಟೇ ದೊಡ್ಡ ತಪ್ಪಾದೀತು. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರ ಮೂರು ಹರಾಜುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹತ್ತನೇ ಆವೃತ್ತಿಗೆ ಪುಣೇರಿ ಪಲ್ಟನ್ ಅವರಿಗೆ 2.35 ಕೋಟಿ ಕೊಟ್ಟು ಕಿರೀಟ ಗೆದ್ದಿತು. ಹನ್ನೊಂದಕ್ಕೆ ಹರಿಯಾಣ ಸ್ಟೀಲರ್ಸ್ 2.07 ಕೋಟಿ ಕೊಟ್ಟು 2024ರ ಡಿಸೆಂಬರ್ 29ರಂದು ಪಟ್ನಾವನ್ನು 32–23ರಿಂದ ಸೋಲಿಸಿ ಕಿರೀಟ ಗೆದ್ದಿತು. ಹನ್ನೆರಡಕ್ಕೆ ಗುಜರಾತ್ ಜೈಂಟ್ಸ್ 2.23 ಕೋಟಿ ಕೊಟ್ಟಿತು, ಆದರೆ ಪ್ಲೇಆಫ್‌ಗೂ ತಲುಪಲಿಲ್ಲ. ಅದೇ ಆಳು, ಅದೇ ಕೈಕಾಲು, ಹೆಚ್ಚುಕಡಿಮೆ ಅದೇ ಬೆಲೆ. ಬದಲಾಗಿದ್ದು ಅವರು ಹೋಗಿ ಸೇರಿದ ಮನೆ. ಪುಣೆ ಅದರ ಹಿಂದಿನ ಋತುವಿನಲ್ಲಿ ಫೈನಲ್ ಆಡಿ ಜೈಪುರಕ್ಕೆ ಸೋತಿದ್ದ ತಂಡ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅವರಂಥ ಎಳೆಯರು ಅಲ್ಲಿ ಆಗಲೇ ಕೂಡಿ ಆಡಿ ಪಳಗಿದ್ದರು. ಹರಿಯಾಣ ಅದರ ಹಿಂದಿನ ಫೈನಲ್‌ನಲ್ಲಿ ಇದೇ ಪುಣೆಗೆ ಮೂರು ಅಂಕಗಳಿಂದ ಸೋತಿತ್ತು. ಮನ್‌ಪ್ರೀತ್ ಸಿಂಗ್ ತರಬೇತಿಯಲ್ಲಿ ಜೈದೀಪ್ ದಹಿಯಾ, ರಾಹುಲ್ ಸೇಠ್‌ಪಾಲ್ ಇದ್ದ ರಕ್ಷಣಾ ಪಡೆಯನ್ನು ಚದುರದಂತೆ ಕಾಯ್ದುಕೊಂಡಿತ್ತು. ಗುಜರಾತ್ ಹಿಂದಿನ ಋತುವಿನಲ್ಲಿ ಬುಲ್ಸ್‌ಗಿಂತ ಒಂದೇ ಮೆಟ್ಟಿಲು ಮೇಲೆ, ಹನ್ನೊಂದನೇ ಸ್ಥಾನದಲ್ಲಿತ್ತು. ಗೋಡೆ ಎದ್ದು ನಿಂತ ಮನೆಗೆ ತೊಲೆ ತಂದರೆ ಮಾಡು ನಿಲ್ಲುತ್ತದೆ. ಪಾಯ ತೋಡುವ ಮೊದಲೇ ತೊಲೆ ತಂದರೆ ಅದು ಅಂಗಳದಲ್ಲಿ ಬಿಸಿಲಿಗೆ ಒಣಗುತ್ತದೆ.

ಪವನ್ ಸೆಹ್ರಾವತ್ ಅವರ ಕಥೆ ಇನ್ನೂ ಕಠಿಣವಾದ ಪಾಠ. ಒಂಬತ್ತನೇ ಆವೃತ್ತಿಗೆ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ, ನಮ್ಮ ಬೆಂಗಳೂರಿನ ಕಂಠೀರವದಲ್ಲೇ, ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಅವರ ಋತು ಮುಗಿಯಿತು. ತಂಡ ಮುಳುಗಿತು ಎಂದೇ ಎಲ್ಲರೂ ತಿಳಿದರು. ಆದರೆ ನರೇಂದರ್ ಕಂಡೋಲಾ ಎಂಬ ಹೊಸ ಹುಡುಗ ಮುಂದೆ ನಿಂತ, ಮತ್ತು ಆ ತಂಡ ಮೊತ್ತಮೊದಲ ಬಾರಿಗೆ ಸೆಮಿಫೈನಲ್ ಕಂಡಿತು. ಮರುವರ್ಷ ತೆಲುಗು ಟೈಟಾನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಿತು. ಈ ಸಲ ಪವನ್ ಗಾಯವಿಲ್ಲದೆ ಆಡಿ ಇನ್ನೂರಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದರು. ಟೈಟಾನ್ಸ್ 22ರಲ್ಲಿ ಎರಡು ಪಂದ್ಯ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ಇಡೀ ತಂಡ ಕಟ್ಟಲು ಇದ್ದ ಮೊತ್ತ ಐದು ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೆ ಹೋದ ಮೇಲೆ ಮಿಕ್ಕ ಹದಿನೇಳು ಹದಿನೆಂಟು ಜನಕ್ಕೆ ಉಳಿದಿದ್ದು 2.395 ಕೋಟಿ. ಹನ್ನೊಂದನೇ ಆವೃತ್ತಿಯಲ್ಲಿ ಪಟ್ನಾ ಪರ ಮುನ್ನೂರು ರೈಡ್ ಅಂಕ ದಾಟಿದ ದೇವಾಂಕ್ ದಲಾಲ್ ಅವರನ್ನು ಹನ್ನೆರಡಕ್ಕೆ ಬೆಂಗಾಲ್ ವಾರಿಯರ್ಸ್ 2.205 ಕೋಟಿಗೆ ಕೊಂಡಿತು. ಅವರೂ ಪ್ಲೇಆಫ್‌ನ ಹೊರಗೇ ಉಳಿದರು. ಇಷ್ಟು ಸಲ ಒಂದೇ ರೀತಿ ಆದದ್ದನ್ನು ದುರದೃಷ್ಟ ಎಂದು ತಳ್ಳಿಹಾಕುವಂತಿಲ್ಲ.

ಕಾರಣ ಆಟದ ಒಳಗೇ ಇದೆ, ಅದನ್ನು ಕಣ್ಣು ನೆಟ್ಟು ನೋಡಬೇಕು. ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದರೆ ಹೊರಗೆ ಕೂರಬೇಕು. ಅವನು ಮತ್ತೆ ಅಂಕಣಕ್ಕೆ ಬರುವುದು ಅವನ ತಂಡದ ಬೇರೆ ಯಾರಾದರೂ ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ. ಬೋನಸ್ ಅಂಕ ಬಂದರೆ ಅದರಿಂದ ಯಾರೂ ಒಳಗೆ ಬರುವುದಿಲ್ಲ. ಅಂದರೆ ಎರಡೂವರೆ ಕೋಟಿಯ ರೈಡರ್ ಎಷ್ಟು ನಿಮಿಷ ಅಂಕಣದಲ್ಲಿ ಇರುತ್ತಾನೆ ಎಂಬುದನ್ನು ನಿರ್ಧರಿಸುವವರು ಹತ್ತಿಪ್ಪತ್ತು ಲಕ್ಷದ ರಕ್ಷಣಾ ಆಟಗಾರರು, ಅಂದರೆ ಅಂಚಿನಲ್ಲಿ ನಿಲ್ಲುವ ಕಾರ್ನರ್ ಮತ್ತು ಅವನ ಪಕ್ಕದ ಕವರ್. ಒಂದು ಟ್ಯಾಕಲ್ ಹೇಗೆ ಆಗುತ್ತದೆ ನೋಡಿ. ಎಡ ಕಾರ್ನರ್‌ನವನು ರೈಡರ್‌ನ ಹಿಂಗಾಲಿಗೆ ಹಾರಿ ಕಣಕಾಲು ಹಿಡಿಯುತ್ತಾನೆ. ಆ ಹಿಡಿತ ಒಂದು ಕ್ಷಣ ನಿಲ್ಲುತ್ತದೆ, ಅಷ್ಟೇ. ಆ ಕ್ಷಣದೊಳಗೆ ಪಕ್ಕದ ಕವರ್ ಬಂದು ಸೊಂಟಕ್ಕೆ ಬಡಿದು ಅವನನ್ನು ಗೆರೆಯಿಂದ ದೂರ ತಳ್ಳಬೇಕು. ಕವರ್ ಅರೆಕ್ಷಣ ತಡಮಾಡಿದರೆ ರೈಡರ್ ಮಲಗಿದಲ್ಲೇ ಕೈ ಚಾಚಿ ನಡುಗೆರೆ ಮುಟ್ಟುತ್ತಾನೆ, ಅವನನ್ನು ಮುಟ್ಟಿದವರೆಲ್ಲ ಔಟ್. ಲೀಗಿನ ಅತ್ಯುತ್ತಮ ಎಡ ಕಾರ್ನರ್‌ನನ್ನು ತಂದು, ಅವನು ಯಾವಾಗ ಹಾರುತ್ತಾನೆ ಎಂದು ತಿಳಿಯದ ಕವರ್ ಪಕ್ಕದಲ್ಲಿ ನಿಲ್ಲಿಸಿದರೆ ಆಗುವುದು ಇದೇ. ಈ ಪರಸ್ಪರ ನಂಬಿಕೆ ಎರಡು ಮೂರು ಋತು ಕೈಕೈ ಹಿಡಿದು ಆಡಿದ ಚೈನ್‌ಗೆ ಮಾತ್ರ ಬರುತ್ತದೆ, ಹರಾಜಿನ ಸುತ್ತಿಗೆಗೆ ದಕ್ಕುವುದಿಲ್ಲ. ಹರಿಯಾಣ ಮತ್ತು ಪುಣೆಯಲ್ಲಿ ಆ ಚೈನ್ ಮೊದಲೇ ಇತ್ತು. ಶಾದ್ಲೂಯಿಗೆ ಕೊಟ್ಟ ಎರಡು ಕೋಟಿಗೆ ಪೂರ್ತಿ ಬೆಲೆ ಬಂದದ್ದು ಪಕ್ಕದಲ್ಲಿದ್ದ ಸಹ ಆಟಗಾರರಿಂದ.

ಹರಾಜು ಎಂಬ ವ್ಯವಸ್ಥೆಗೇ ಒಂದು ರೋಗವಿದೆ, ಗಣಿ ಗುತ್ತಿಗೆಗಳ ಹರಾಜನ್ನು ಕಣ್ಣೆದುರು ಕಂಡಿರುವ ಸಂಡೂರು ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ವಸ್ತುವಿಗೆ ಹತ್ತು ಜನ ಅಂದಾಜು ಕಟ್ಟಿದಾಗ ಅದು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನ ಕೈ ಸೇರುತ್ತದೆ, ಸರಿಯಾದ ಅಂದಾಜು ಮಾಡಿದವನು ಮೂರನೆಯ ನಾಲ್ಕನೆಯ ಕೂಗಿಗೇ ಕೈ ಕೆಳಗಿಳಿಸಿರುತ್ತಾನೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು ಸಮುದ್ರದ ತೈಲ ನಿಕ್ಷೇಪಗಳ ಹರಾಜನ್ನು ಪರಿಶೀಲಿಸಿ ಇದನ್ನೇ ಬರೆದರು. ಅರ್ಥಶಾಸ್ತ್ರದಲ್ಲಿ ಆಮೇಲೆ ಅದಕ್ಕೆ ‘ಗೆದ್ದವನ ಶಾಪ’ ಎಂಬ ಹೆಸರು ನಿಂತಿತು. ಕಬಡ್ಡಿ ಹರಾಜಿಗೂ ಇದು ಅನ್ವಯಿಸುತ್ತದೆ, ಒಂದೇ ಒಂದು ವಿನಾಯಿತಿಯೊಂದಿಗೆ: ಆ ವಸ್ತು ಉಳಿದವರಿಗಿಂತ ನನಗೇ ಹೆಚ್ಚು ಉಪಯೋಗ ಎಂಬ ನಿಜವಾದ ಕಾರಣ ಇದ್ದಾಗ ಹೆಚ್ಚು ಕೊಟ್ಟರೂ ಶಾಪ ತಟ್ಟುವುದಿಲ್ಲ. ಗುಡ್ಡದ ಅದಿರು ಪಕ್ಕದಲ್ಲೇ ಕುಲುಮೆ ಇರುವವನಿಗೆ ಹೆಚ್ಚು ಬೆಲೆಯದ್ದು, ನೂರಾರು ಕಿಲೋಮೀಟರ್ ಲಾರಿಯಲ್ಲಿ ಹೊರುವವನಿಗೆ ಅಷ್ಟಲ್ಲ.

ಈ ವಿನಾಯಿತಿಗೆ ಹಳೆಯ ಉದಾಹರಣೆ ಹಂಪಿಯಲ್ಲಿದೆ. ಅಲ್ಲಿನ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಟ್ಟಿಗಳಿದ್ದಾರೆ, ಆನೆಗಳಿವೆ, ಕುದುರೆಗಳನ್ನು ಹಿಡಿದು ನಿಂತ ಪರದೇಶಿ ವರ್ತಕರೂ ಇದ್ದಾರೆ. ವಿಜಯನಗರದ ಅರಸರು ಪರದೇಶದ ಕುದುರೆಗಳಿಗೆ ಸುರಿದ ಹೊನ್ನು ಅಷ್ಟಿಷ್ಟಲ್ಲ. ಪೋರ್ಚುಗೀಸ್ ವರ್ತಕ ಫೆರ್ನಾಓ ನೂನಿಜ್ ಬರೆದಿಟ್ಟ ಪ್ರಕಾರ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ. ವರ್ತಕ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು. ಬೆಲೆಯೊಂದನ್ನೇ ನೋಡುವವನಿಗೆ ಇದು ಹುಚ್ಚುತನ. ಆದರೆ ಈ ನೆಲದಲ್ಲಿ ಯುದ್ಧಕ್ಕೆ ಒಗ್ಗುವ ಕುದುರೆ ತಳಿ ಬೆಳೆಯುತ್ತಿರಲಿಲ್ಲ. ದಖ್ಖನಿನ ಸುಲ್ತಾನರ ಅಶ್ವದಳ ಎದುರಿಗೆ ನಿಂತಿತ್ತು. ದಾರಿಯ ನಷ್ಟ ತಮ್ಮ ತಲೆಗೇ ಬರುತ್ತದೆ ಎಂದಾದರೆ ವರ್ತಕರು ಆ ಕುದುರೆಗಳನ್ನು ಬೇರೆ ರೇವಿಗೆ ಹೊಡೆಯುತ್ತಿದ್ದರು. ರಾಜ್ಯದ ಕೊರತೆ ಏನು ಎಂಬುದು ಅರಸನಿಗೆ ಗೊತ್ತಿತ್ತು, ಬಾಲಕ್ಕೆ ಕೊಟ್ಟ ಹಣ ಬದುಕಿ ಬಂದ ಕುದುರೆಗಳ ಬೆಲೆಯ ಭಾಗವಾಗಿತ್ತು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿದೆ. ಅಲ್ಲಿ ಒಪ್ಪಂದ ಮುಗಿದ ಆಟಗಾರರು ಜುಲೈ ಮೊದಲ ವಾರದಲ್ಲಿ ಬೇಕಾದ ತಂಡ ಸೇರಬಹುದು. 2012ರ ಜುಲೈ 4ರಂದು ಮಿನೆಸೋಟಾ ವೈಲ್ಡ್ ತಂಡ ಜ್ಯಾಕ್ ಪರೀಸೆ ಮತ್ತು ರಯಾನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, 9.8 ಕೋಟಿ ಡಾಲರ್‌ನ ಒಪ್ಪಂದ ಬರೆದುಕೊಟ್ಟಿತು. ಆ ಬೇಸಿಗೆಯ ದೊಡ್ಡ ಗೆಲುವು ಅದು ಎಂದು ಹೊಗಳಿದರು. ಕಪ್ ಬರಲಿಲ್ಲ. 2021ರಲ್ಲಿ ಇಬ್ಬರನ್ನೂ ಹಣ ಕೊಟ್ಟು ಕಳಿಸಿದರು. ಅವರು ಬೇರೆ ತಂಡಗಳಲ್ಲಿ ಆಡುತ್ತಿದ್ದಾಗಲೂ ಅವರ ಲೆಕ್ಕ ಮಿನೆಸೋಟಾದ ಸಂಬಳದ ಮಿತಿಯೊಳಗೇ ಕೂತಿತ್ತು, 2028–29ರವರೆಗೂ ಕೂತಿರುತ್ತದೆ. ಅದು ಕುದುರೆ ಬರುವ ಭರವಸೆಯೇ ಇಲ್ಲದೆ ಬಾಲಕ್ಕೆ ಕಟ್ಟಿದ ಹಣ. ನಮ್ಮ ಲೀಗಿನಲ್ಲಿ ಒಪ್ಪಂದಗಳು ಚಿಕ್ಕವಾದ್ದರಿಂದ ತಪ್ಪು ಒಂದೆರಡು ವರ್ಷಕ್ಕೆ ತೊಳೆದುಹೋಗುತ್ತದೆ, ಅಷ್ಟು ಮಟ್ಟಿಗೆ ನಾವು ಪುಣ್ಯವಂತರು.

ಹಳೆಯದೊಂದು ಹರಾಜನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಕನ್ನಡಿಗರ ಮಟ್ಟಿಗೆ ಅತಿ ದೊಡ್ಡ ಸಾಕ್ಷಿ ಅದು. 2018ರಲ್ಲಿ ಆರನೇ ಆವೃತ್ತಿಗೆ ನಡೆದ ಹರಾಜಿನಲ್ಲಿ ಮೊದಲ ಬಾರಿಗೆ ಆಟಗಾರರು ಕೋಟಿ ಮುಟ್ಟಿದರು. ಒಟ್ಟು ಆರು ಮಂದಿ. ಅವರಲ್ಲೆಲ್ಲ ದುಬಾರಿಯಾದವರು 1.51 ಕೋಟಿಗೆ ಹರಿಯಾಣ ಸ್ಟೀಲರ್ಸ್ ಸೇರಿದ ಮೋನು ಗೋಯತ್. ಹರಿಯಾಣ ಆ ವರ್ಷ ತನ್ನ ವಲಯದ ತಳದಲ್ಲಿತ್ತು. ಬೆಂಗಳೂರು ಬುಲ್ಸ್ ಆ ಆರು ಕೋಟ್ಯಧೀಶರಲ್ಲಿ ಒಬ್ಬರನ್ನೂ ಕೊಳ್ಳಲಿಲ್ಲ. 52.8 ಲಕ್ಷಕ್ಕೆ ಅದು ತಂದದ್ದು ಹಿಂದಿನ ಋತುವಿನಲ್ಲಿ ಗುಜರಾತ್ ತಂಡದ ಬೆಂಚಿನಲ್ಲಿ ಹೆಚ್ಚು ಹೊತ್ತು ಕೂತಿದ್ದ ಪವನ್ ಸೆಹ್ರಾವತ್ ಅವರನ್ನು. ಬುಲ್ಸ್‌ಗೆ ಅವರು ಹೊಸಬರಲ್ಲ, ಅದಕ್ಕೂ ಮುಂಚೆ ಇದೇ ತಂಡದಲ್ಲಿ ಆಡಿದ್ದರು. ಅವರ ಓಟ, ಜಿಗಿತ, ಸ್ವಭಾವ ಎಲ್ಲ ತರಬೇತುದಾರರಿಗೆ ಗೊತ್ತಿತ್ತು. ಪವನ್ ಆ ಋತುವಿನಲ್ಲಿ 271 ರೈಡ್ ಅಂಕ ಗಳಿಸಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದರು, ಬುಲ್ಸ್ 38–33ರಿಂದ ಗೆದ್ದಿತು. ಬುಲ್ಸ್ ಕೈಯಲ್ಲಿರುವ ಏಕೈಕ ಕಿರೀಟ ಇದು. ಆ ಹರಾಜಿನ ರಾತ್ರಿ ಬುಲ್ಸ್ ಹೆಸರು ಯಾವ ತಲೆಬರಹದಲ್ಲೂ ದೊಡ್ಡದಾಗಿ ಬರಲಿಲ್ಲ. ಅಲ್ಲಿಂದ ಆರು ವರ್ಷಕ್ಕೆ ಇದೇ ಬುಲ್ಸ್ ತನ್ನದೇ ಪಾಠ ಮರೆತು ತಳ ಕಂಡಿದ್ದೂ, ಆರು ವರ್ಷಕ್ಕೆ ಹರಿಯಾಣ ಪಾಠ ಕಲಿತು ತುದಿ ಏರಿದ್ದೂ ನಮ್ಮ ಕಣ್ಣೆದುರಿಗಿದೆ.

ಈಗ ಆಕ್ಷೇಪಗಳಿಗೆ ಬರೋಣ. ‘ಇಷ್ಟೆಲ್ಲ ಏಕೆ, ಕಪ್ ಗೆದ್ದರೆ ಖರೀದಿ ಸರಿ, ಸೋತರೆ ತಪ್ಪು’ ಎಂಬುದು ಮೊದಲನೆಯದು. ಗಟ್ಟಿಯಾಗಿ ಕೇಳಿಸಿದರೂ ಇದು ಟೊಳ್ಳು, ಕ್ರಿಕೆಟ್ಟಿನ ಆರ್‌ಸಿಬಿ ಉದಾಹರಣೆ ಅದನ್ನು ತೋರಿಸುತ್ತದೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಕ್ಯಾಪಿಟಲ್ಸ್ ಪಾಲಾದಾಗ ನಮ್ಮ ಹುಡುಗನನ್ನು ಆರ್‌ಸಿಬಿ ಬಿಟ್ಟುಕೊಟ್ಟಿತು ಎಂದು ಕರ್ನಾಟಕವೇ ಸಿಟ್ಟಾಯಿತು. 2025ರ ಏಪ್ರಿಲ್ 10ರಂದು ರಾಹುಲ್ ಚಿನ್ನಸ್ವಾಮಿಯಲ್ಲೇ 53 ಎಸೆತಗಳಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಅಂಗಳ ಎಂದು ತೋರಿಸಿದರು. ಅವತ್ತಿನ ಮಟ್ಟಿಗೆ ಆರ್‌ಸಿಬಿ ಖರೀದಿ ತಪ್ಪು ಎಂದು ತೀರ್ಮಾನವಾಗಿಬಿಟ್ಟಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್‌ಗಳಿಂದ ಕಪ್ ಗೆದ್ದಾಗ ಅದೇ ಖರೀದಿ ಸರಿಯಾಯಿತು. ಒಂದೇ ಖರೀದಿ ಎರಡು ತಿಂಗಳಲ್ಲಿ ತಪ್ಪೂ ಸರಿಯೂ ಆಗುವುದಾದರೆ ಅಳತೆಗೋಲಿನಲ್ಲೇ ದೋಷವಿದೆ. ನಿಜ ಏನೆಂದರೆ ಆರ್‌ಸಿಬಿಗೆ ವರ್ಷಾನುಗಟ್ಟಲೆ ಕಾಡಿದ್ದು ಬೌಲಿಂಗಿನ ಕೊರತೆ. ಆ ಹರಾಜಿನಲ್ಲಿ ಅದು ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ ಕೊಟ್ಟು ಆ ಕೊರತೆಯನ್ನೇ ತುಂಬಿತು. ಫೈನಲ್‌ನಲ್ಲಿ 17 ರನ್ನಿಗೆ ಎರಡು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದವರು ಕೃಣಾಲ್. ಕಪ್ ಬಾರದಿದ್ದರೂ ಆ ನಿರ್ಧಾರ ಸರಿಯೇ ಆಗಿರುತ್ತಿತ್ತು. ಹಾಗೆಯೇ ಕಪ್ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಗಲಿಲ್ಲ. 8.75 ಕೋಟಿಯ ಲಿವಿಂಗ್‌ಸ್ಟನ್ ಅವರಿಂದ ತಂಡಕ್ಕೆ ಸಿಕ್ಕಿದ್ದು ಕಡಿಮೆ, ಮುಂದಿನ ಹರಾಜಿಗೆ ಮೊದಲೇ ಅವರನ್ನು ಬಿಟ್ಟುಕೊಟ್ಟರು. ಇತ್ತ ರಾಹುಲ್ ಆ ಋತುವಿನಲ್ಲಿ 539 ರನ್ ಗಳಿಸಿದರೂ ಡೆಲ್ಲಿ ಪ್ಲೇಆಫ್‌ಗೆ ಹೋಗಲಿಲ್ಲ. ಆದರೆ ಡೆಲ್ಲಿ ಅವರನ್ನು ಕೊಂಡದ್ದು ತಪ್ಪೆಂದು ಯಾರೂ ಹೇಳಲಾರರು.

ಎರಡನೆಯ ಆಕ್ಷೇಪ ವ್ಯವಹಾರದ್ದು. ದೊಡ್ಡ ಹೆಸರಿಲ್ಲದೆ ಪ್ರಾಯೋಜಕರು ಬರುವುದಿಲ್ಲ, ಟಿಕೆಟ್ ಹೋಗುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಲೀಗ್ ನಡೆಯುವುದೂ ದುಡ್ಡಿನಿಂದಲೇ. ಆದರೆ ಪವನ್ ಅವರ ಹೆಸರು ದೊಡ್ಡದಾದದ್ದು ಬುಲ್ಸ್ ಅವರನ್ನು ಕೊಂಡ ಮೇಲೆ. ಗೆಲ್ಲುವ ತಂಡ ತನ್ನ ಹೆಸರುಗಳನ್ನು ತಾನೇ ಹುಟ್ಟಿಸುತ್ತದೆ. ಎರಡೇ ಪಂದ್ಯ ಗೆದ್ದ ಋತುವಿನಲ್ಲಿ ಪ್ರದೀಪ್ ಅವರಂಥ ಮಹಾ ಆಟಗಾರನ ಹೆಸರೂ ಅಭಿಮಾನಿಗಳ ನೋವನ್ನು ಕಡಿಮೆ ಮಾಡಲಿಲ್ಲ. ಅವರನ್ನು ಹಾಗೆ ಬೀಳ್ಕೊಡಬೇಕಾಗಿ ಬಂದದ್ದು ನೋವನ್ನು ಹೆಚ್ಚೇ ಮಾಡಿತು.

ಮೂರನೆಯದು ನಮ್ಮೆಲ್ಲರ ಎದೆಗೆ ಹತ್ತಿರವಾದದ್ದು: ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕನ್ನಡಿಗರು ಎಲ್ಲಿ? ಈ ಪ್ರಶ್ನೆ ನ್ಯಾಯವಾದದ್ದು, ಅದನ್ನು ಸಂಕುಚಿತ ಎಂದು ಬದಿಗೆ ಸರಿಸುವವರ ಜೊತೆ ನನಗೆ ಸಹಮತವಿಲ್ಲ. ಕರಾವಳಿಯ ಪ್ರಶಾಂತ್ ಕುಮಾರ್ ರೈ 2022ರಲ್ಲಿ ನಾಯಕನಾಗಿ ಒಂದು ತಂಡವನ್ನು ಫೈನಲ್‌ಗೆ ಒಯ್ದು ಒಂದೇ ಅಂಕದಿಂದ ಕಿರೀಟ ಕಳೆದುಕೊಂಡರು. ಆ ತಂಡ ಪಟ್ನಾ. ಕನ್ನಡಿಗರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬೆಂಗಾಲಿಗೆ ಒಂದು, ಪುಣೆಗೆ ಒಂದು ಕಿರೀಟ ಕೊಡಿಸಿದ ಮೇಲೆ ಹನ್ನೆರಡನೇ ಆವೃತ್ತಿಗೆ ಬುಲ್ಸ್‌ನ ಮುಖ್ಯ ತರಬೇತುದಾರರಾದರು. ಅವರು ಬಂದ ಮೊದಲ ಹರಾಜನ್ನೇ ನೋಡಿ. 18.7 ಲಕ್ಷಕ್ಕೆ ಬಂದ ಇರಾನಿನ ಅಲಿರೆಜಾ ಮಿರ್ಜಾಯಿಯನ್ ತಂಡದ ರೈಡಿಂಗಿನ ಬೆನ್ನೆಲುಬಾದರು. ಹಿಂದಿನ ವರ್ಷ ಹನ್ನೆರಡನೆಯದಾಗಿದ್ದ ತಂಡ ಪ್ಲೇಆಫ್ ಆಡಿತು. ಅಲ್ಲಿ ಕನ್ನಡದ ಕಣ್ಣು ಇರಾನಿನ ಆಟಗಾರನನ್ನು ಗುರುತಿಸಿತು ಎಂಬುದನ್ನು ಗಮನಿಸಬೇಕು. ಕನ್ನಡಿಗರು ತಂಡದಲ್ಲಿ ಇರಬೇಕು ಎಂಬ ಬೇಡಿಕೆಯನ್ನು ಹರಾಜಿನ ರಾತ್ರಿ ಇಟ್ಟರೆ ಅದು ಒಂದು ದಯೆಯ ಖರೀದಿಗೆ, ಬೆಂಚಿನ ಮೇಲಿನ ಒಂದು ಹೆಸರಿಗೆ ಮುಗಿಯುತ್ತದೆ. ಅದನ್ನು ಇಡಬೇಕಾದ ಜಾಗ ಹರಾಜಿಗೆ ಎಷ್ಟೋ ತಿಂಗಳು ಮೊದಲು ನಡೆಯುವ ಹೊಸ ಎಳೆಯ ಆಟಗಾರರ ಆಯ್ಕೆ. ತಂಡಗಳು ಹರಾಜಿಲ್ಲದೆ ಹುಡುಗರನ್ನು ಸೇರಿಸಿಕೊಳ್ಳುವುದು, ಕಡಿಮೆ ಖರ್ಚಿನಲ್ಲಿ ಬೆಳೆಸುವುದು ಅಲ್ಲಿಂದ. ಅಸ್ಲಂ, ಜೈದೀಪ್, ನರೇಂದರ್ ಅವರೆಲ್ಲ ಎಳೆಯರಾಗಿ ಬಂದು ತಂಡದೊಳಗೇ ಬೆಳೆದವರು.

‘ಆಗಿಹೋದ ಮೇಲೆ ಬುದ್ಧಿ ಹೇಳುವುದು ಸುಲಭ’ ಎಂಬ ಕೊನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಅದಕ್ಕಾಗಿಯೇ ಒಂದು ಬೇಡಿಕೆಯನ್ನೂ ಇಡುತ್ತೇನೆ. ಹರಾಜಿಗೆ ಕೂರುವ ಮುಂಚೆ ಪ್ರತಿ ಫ್ರಾಂಚೈಸಿ ತನ್ನ ಅಭಿಮಾನಿಗಳಿಗೆ ಅವರ ಭಾಷೆಯಲ್ಲಿ ಒಂದು ಪುಟ ಬರೆದು ತಿಳಿಸಲಿ. ಕಳೆದ ಋತುವಿನಲ್ಲಿ ನಮಗೆ ಎಡ ಕವರ್ ಇರಲಿಲ್ಲ, ಕೊನೆಯ ಐದು ನಿಮಿಷದ ಡೂ ಆರ್ ಡೈ ರೈಡ್‌ಗಳಲ್ಲಿ ಅಂಕ ಬರಲಿಲ್ಲ, ಮೂವರಿಗೆ ಇಳಿದಾಗ ಸೂಪರ್ ಟ್ಯಾಕಲ್ ಮಾಡುವ ಧೈರ್ಯ ಇರಲಿಲ್ಲ, ಹೀಗೆ ಇದ್ದದ್ದನ್ನು ಇದ್ದ ಹಾಗೆ. ಹೆಸರು, ಬೆಲೆ ಹೇಳಬೇಕಿಲ್ಲ, ಎದುರಾಳಿಗೆ ಗುಟ್ಟು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ, ಕೊರತೆ ಏನೆಂದು ಪಂದ್ಯ ನೋಡಿದ ಎಲ್ಲರಿಗೂ ಗೊತ್ತೇ ಇರುತ್ತದೆ. ಪತ್ರಿಕೆಗಳು ಹರಾಜಿನ ಮರುದಿನ ಕೋಟಿಗಳ ಪಟ್ಟಿಯ ಪಕ್ಕದಲ್ಲಿ ಆ ಪುಟವನ್ನೂ ಅಚ್ಚುಹಾಕಲಿ, ಹತ್ತು ಪಂದ್ಯ ಕಳೆದ ಮೇಲೆ ಮತ್ತೆ ತೆಗೆದು ತಾಳೆ ನೋಡಲಿ. ಕೊರತೆ ತುಂಬುವ ಆಟಗಾರನನ್ನೇ ತಂದು ಅವನು ಗಾಯಗೊಂಡರೆ ಅದು ದುರದೃಷ್ಟ, ಯಾರನ್ನೂ ದೂರಬೇಕಿಲ್ಲ. ಕೊರತೆಯೊಂದು, ಖರೀದಿಯೊಂದು ಆಗಿದ್ದರೆ ಕೇಳುವ ಹಕ್ಕು ಟಿಕೆಟ್ ಕೊಂಡವನಿಗಿದೆ.

ಈ ಮಾತು ಹೊಸಪೇಟೆ, ಕಂಪ್ಲಿಯ ಮಟ್ಟಕ್ಕೂ ಇಳಿಯುತ್ತದೆ. ಇಲ್ಲಿನ ಊರುಗಳಲ್ಲಿ ಜಾತ್ರೆ, ಹಬ್ಬಗಳಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಏರ್ಪಾಡಾದರೆ ಗೆಲ್ಲುವ ಹಟಕ್ಕೆ ಒಂದು ರಾತ್ರಿಗೆಂದು ಹೊರಗಿನ ಇಬ್ಬರು ಮೂವರು ರೈಡರ್‌ಗಳನ್ನು ಕರೆಸುತ್ತಾರೆ. ವರ್ಷವಿಡೀ ಕೂಡಿ ಆಡಿದ ಊರ ಹುಡುಗ ಅಂಕಣದ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾನೆ. ಕಪ್ ಬಂದರೂ ಮರುದಿನ ಊರಿನ ತಂಡ ಇದ್ದಲ್ಲೇ ಇರುತ್ತದೆ. ಇತ್ತ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂನ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ಅದೇ ಸಮೂಹ ಹರಿಯಾಣ ಸ್ಟೀಲರ್ಸ್‌ನ ಒಡೆಯ, ಡೆಲ್ಲಿ ಕ್ಯಾಪಿಟಲ್ಸ್‌ನ ಅರ್ಧ ಪಾಲುದಾರ, ಬೆಂಗಳೂರು ಎಫ್‌ಸಿಯೂ ಅದರದ್ದೇ. ಕಾರ್ಖಾನೆಯ ಮಗ್ಗುಲಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಸುತ್ತಾರೆ. ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದವರು. ಅಷ್ಟೆಲ್ಲ ಕಟ್ಟಿದ ಸಮೂಹ ತನ್ನದೇ ಕಬಡ್ಡಿ ತಂಡಕ್ಕೆ ವರ್ಷಕ್ಕೊಮ್ಮೆ ಅಲ್ಲಿಯೇ ಎಳೆಯರ ಆಯ್ಕೆ ನಡೆಸಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ತೋರಣಗಲ್ಲಿಗೆ ಹೊಸಪೇಟೆಯಿಂದಲೂ ಬಳ್ಳಾರಿಯಿಂದಲೂ ರೈಲಿದೆ. ಬುಲ್ಸ್ ತಂಡವೂ ಬೆಂಗಳೂರು ಬಿಟ್ಟು ಹೊಸಪೇಟೆಗೆ ಒಂದು ದಿನದ ಮಟ್ಟಿಗೆ ಬರಲಿ.

ಇಲ್ಲಿನ ಹುಡುಗರು ಮಣ್ಣಿನಲ್ಲಿ ಆಡಿ ಬೆಳೆದವರು, ಮ್ಯಾಟಿಗೆ ಒಗ್ಗುವುದಿಲ್ಲ ಎಂದು ಆಯ್ಕೆಗಾರರು ಹೇಳಬಹುದು. ಮಣ್ಣಿಗೂ ಮ್ಯಾಟಿಗೂ ವ್ಯತ್ಯಾಸ ಇರುವುದು ನಿಜ. ಮಣ್ಣಿನಲ್ಲಿ ಬರಿಗಾಲು ಜಾರಿಸಿಕೊಂಡು ತಿರುಗಬಹುದು, ಮ್ಯಾಟಿನ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ, ತಿರುಗುವ ಹೊತ್ತಿಗೆ ಮಂಡಿ ಮೇಲೆ ಭಾರ ಬೀಳುತ್ತದೆ. ಅದು ಕೆಲವು ತಿಂಗಳ ಅಭ್ಯಾಸದ ಮಾತು. ಹಿಡಿದ ಕಣಕಾಲನ್ನು ಬಿಡದಿರುವುದು, ಪಕ್ಕದವನು ಹಾರುವ ಮುಂಚೆಯೇ ಅವನ ಭುಜದ ಬಿಗಿ ನೋಡಿ ತಿಳಿಯುವುದು, ಈ ಎರಡನ್ನು ಕಲಿಯಲು ವರ್ಷಗಳು ಬೇಕು. ಕಂಪ್ಲಿಯ ಗದ್ದೆ ಬದುವಿನ ಬಯಲಿನಲ್ಲಿ ಏಳನೇ ತರಗತಿಯಿಂದ ಒಂದೇ ಚೈನ್‌ನಲ್ಲಿ ಕೈಹಿಡಿದು ಆಡಿದ ಇಬ್ಬರು ಹುಡುಗರಿಗೆ ಅದು ಆಗಲೇ ಬಂದಿರುತ್ತದೆ. ಎಡ ಕಾರ್ನರ್ ಮತ್ತು ಎಡ ಕವರ್ ಹುಡುಕುತ್ತಿರುವ ತಂಡ ಅವರಿಬ್ಬರನ್ನು ಬಿಡಿಸದೆ ಜೋಡಿಯಾಗಿಯೇ ಕರೆದೊಯ್ಯಲಿ.